ಆ ತಾಯಿಯ ಭಯ ರೋಗವೇ? ಕಪ್ಪು ವರ್ಣೀಯರು, ವಲಸಿಗರು ಮತ್ತು ಆಪ್ತಸಮಾಲೋಚನೆ

ಸಂಪಿಗೆ (ಮಿನಿಯಾಪೊಲಿಸ್):

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಹುಟ್ಟಿ ಬೆಳೆದ ನಾನು ಹಲವು ವರ್ಷಗಳಿಂದ ಅಮೆರಿಕದ ಮಿನಿಯಾಪೊಲಿಸ್ ನಗರದ ಒಂದು ಸಮುದಾಯ ಚಿಕಿತ್ಸಾಲಯದಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಈ ದೇಶದಲ್ಲೇ ತಲೆಮಾರುಗಳಿಂದ ಬದುಕಿರುವ ಕಪ್ಪು ವರ್ಣೀಯರು. ಇನ್ನುಳಿದವರಲ್ಲಿ ಬಹಳಷ್ಟು ಮಂದಿ 1990ರ ದಶಕದ ಅಂತರ್ಯುದ್ಧದ ನಂತರ ಇಲ್ಲಿ ನೆಲೆಸಿದ ಸೊಮಾಲಿ ಕುಟುಂಬದವರು. ಈ ವರ್ಷ ನಮ್ಮಲ್ಲಿ ತರಬೇತಿಗೆ ಬಂದಿರುವ ಇಬ್ಬರು ಕನ್ನಡದ ಮಕ್ಕಳು ನನ್ನನ್ನು ಕೇಳಿದ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ: “ಬೇರೆ ಸಂಸ್ಕೃತಿಯವರಿಗೆ ಚಿಕಿತ್ಸೆ ಕೊಡುವಾಗ ನಾವು ಏನನ್ನು ಬದಲಿಸಿಕೊಳ್ಳಬೇಕು?” ಉತ್ತರ ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಪ್ಪು ಸಮುದಾಯದ ತಾಯಿಯೊಬ್ಬರು ನಿದ್ರೆ ಬರುತ್ತಿಲ್ಲವೆಂದು ನನ್ನ ಬಳಿ ಬಂದರು. ಹದಿಹರೆಯದ ಮಗ ಕಾರು ತೆಗೆದುಕೊಂಡು ಹೊರಗೆ ಹೋದರೆ ಅವನು ಬಾಗಿಲು ತೆರೆದು ಒಳಗೆ ಬರುವವರೆಗೆ ಅವರ ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಕಲಿತಿದ್ದ ಪದ್ಧತಿಯಂತೆ ಒಂದು ಹಾಳೆಯನ್ನು ಮುಂದಿಟ್ಟು, “ಪೊಲೀಸರು ನನ್ನ ಮಗನನ್ನು ತಡೆಯುತ್ತಾರೆ, ಅವನು ಮನೆಗೆ ಬರುವುದಿಲ್ಲ” ಎಂಬ ಯೋಚನೆಯನ್ನು ಮೇಲೆ ಬರೆಯಿಸಿ, ಅದರ ಪರವಾಗಿ ಏನು ಸಾಕ್ಷ್ಯವಿದೆ, ವಿರುದ್ಧವಾಗಿ ಏನಿದೆ ಎಂದು ಎರಡು ಕಾಲಂಗಳಲ್ಲಿ ಬರೆಯಲು ಹೇಳಿದೆ. ಆತಂಕದಲ್ಲಿರುವವರು ಕೇಡನ್ನು ದೊಡ್ಡದು ಮಾಡಿಕೊಂಡು ನೋಡುತ್ತಾರೆ, ಸಾಕ್ಷ್ಯವನ್ನು ಎದುರಿಗಿಟ್ಟರೆ ಭಯ ತಗ್ಗುತ್ತದೆ ಎಂಬುದು ಆ ಪದ್ಧತಿಯ ಆಧಾರ. ಅವರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ಪೆನ್ನನ್ನು ಕೆಳಗಿಟ್ಟು, “ನಿಮಗೆ ಗಂಡುಮಕ್ಕಳಿದ್ದಾರೆಯೇ?” ಎಂದು ಮಾತ್ರ ಕೇಳಿದರು. ಮುಂದಿನ ವಾರ ಬರಲಿಲ್ಲ, ಆಮೇಲೂ ಬರಲಿಲ್ಲ.

2020ರ ಮೇ 25ರಂದು ಇದೇ ನಗರದ 38ನೇ ರಸ್ತೆ ಮತ್ತು ಶಿಕಾಗೊ ಅವೆನ್ಯೂ ಕೂಡುವಲ್ಲಿ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ಪ್ರಾಣಬಿಟ್ಟಾಗ ನನಗೆ ಮೊದಲು ನೆನಪಾದದ್ದು ಆ ಹಾಳೆ. ನಾನು ಯಾವುದನ್ನು ಯೋಚನೆಯ ದೋಷವೆಂದು ಕರೆದಿದ್ದೆನೋ ಅದು ಆ ತಾಯಿಗೆ ತನ್ನ ಅಜ್ಜಿಯಿಂದ, ತನ್ನ ಬೀದಿಯಿಂದ ಬಂದ ತಿಳಿವಳಿಕೆಯಾಗಿತ್ತು. ಅವರಿಗೆ ಬೇಕಾಗಿದ್ದದ್ದು ಭಯವನ್ನು ಸುಳ್ಳೆಂದು ಸಾಧಿಸುವ ಹಾಳೆಯಲ್ಲ. ಆ ಭಯವನ್ನು ಹೊತ್ತುಕೊಂಡೂ ನಿದ್ರೆ ಮಾಡುವುದು ಹೇಗೆ, ಮಗನನ್ನು ಹೆದರಿಸದೆ ಎಚ್ಚರಿಸುವುದು ಹೇಗೆ, ಇದೇ ಭಾರ ಹೊತ್ತ ಇತರ ತಾಯಂದಿರ ಜೊತೆ ಕುಳಿತುಕೊಳ್ಳುವುದು ಎಲ್ಲಿ ಎಂಬುದು. ನಿಮ್ಮಲ್ಲಿ ಈ ಕ್ಷೇತ್ರದಲ್ಲಿರುವವರ ಮತ್ತು ಚಿಕಿತ್ಸೆ ಪಡೆದವರ ಅನುಭವವನ್ನು ಕೇಳಲು ಬಯಸುತ್ತೇನೆ.

ನೇರನುಡಿ (ಸ್ಯಾನ್ ಹೊಸೆ):

ಸಂಪಿಗೆಯವರೇ, ನಿಮ್ಮ ಪ್ರಾಮಾಣಿಕತೆಗೆ ಗೌರವವಿದೆ. ಆದರೂ ಒಂದು ಮಾತನ್ನು ಕೇಳಲೇಬೇಕು. ಮೆದುಳಿಗೆ ಬಣ್ಣವೂ ಇಲ್ಲ, ದೇಶವೂ ಇಲ್ಲ. ಸಕ್ಕರೆ ಕಾಯಿಲೆಗೆ ಎಲ್ಲರಿಗೂ ಒಂದೇ ಇನ್ಸುಲಿನ್ ಕೊಡುವ ಹಾಗೆ ಖಿನ್ನತೆಗೂ ಪರೀಕ್ಷಿಸಿ ಸಾಬೀತಾದ ಒಂದೇ ಚಿಕಿತ್ಸೆ ಇರಬೇಕಲ್ಲವೇ? ಪ್ರತಿಯೊಂದು ಸಮುದಾಯಕ್ಕೂ ಬೇರೆ ಬೇರೆ ವಿಧಾನವೆಂದು ಹೊರಟರೆ, ಕೊನೆಗೆ ಕಪ್ಪು ವರ್ಣೀಯರಿಗೆ ಕಪ್ಪು ವೈದ್ಯರು, ಕನ್ನಡಿಗರಿಗೆ ಕನ್ನಡದ ವೈದ್ಯರು ಎಂದು ಬೇಲಿ ಹಾಕಿದಂತಾಗುವುದಿಲ್ಲವೇ?

ಸಂಪಿಗೆ (ಮಿನಿಯಾಪೊಲಿಸ್):

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಇನ್ಸುಲಿನ್ ಕೊಡುವ ಮೊದಲು ರಕ್ತದಲ್ಲಿನ ಸಕ್ಕರೆಯನ್ನು ಯಂತ್ರ ಅಳೆಯುತ್ತದೆ. ಮನೋರೋಗದ ನಿರ್ಣಯದಲ್ಲಿ ಅಳೆಯುವ ಯಂತ್ರ ರೋಗಿಯ ಎದುರಿಗೆ ಕುಳಿತ ಚಿಕಿತ್ಸಕನೇ; ಅವನ ಕಣ್ಣಿನಲ್ಲಿರುವ ದೋಷ ರೋಗಿಯ ಕಡತದಲ್ಲಿ ರೋಗವಾಗಿ ದಾಖಲಾಗುತ್ತದೆ. 1851ರಲ್ಲಿ ಲೂಸಿಯಾನಾದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಒಡೆಯನನ್ನು ಬಿಟ್ಟು ಓಡಿಹೋಗುವುದೇ ಒಂದು ಮಾನಸಿಕ ಕಾಯಿಲೆ ಎಂದು ಅದಕ್ಕೆ ‘ಡ್ರೇಪಟೊಮೇನಿಯಾ’ ಎಂದು ಹೆಸರಿಟ್ಟ. ಅದು ಹಳೆಯ ಕಥೆ ಎನ್ನಬಹುದು. ಆದರೆ ಅಮೆರಿಕದಲ್ಲಿ ಒಂದೇ ಬಗೆಯ ಲಕ್ಷಣಗಳಿರುವಾಗಲೂ ಕಪ್ಪು ರೋಗಿಗಳಿಗೆ ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ತೀವ್ರ ಮನೋರೋಗ) ಎಂಬ ನಿರ್ಣಯ ಹೆಚ್ಚಾಗಿಯೂ ಖಿನ್ನತೆ ಎಂಬ ನಿರ್ಣಯ ಕಡಿಮೆಯಾಗಿಯೂ ಬರುತ್ತದೆ ಎಂಬುದನ್ನು ದಶಕಗಳ ಸಂಶೋಧನೆ ತೋರಿಸಿದೆ. ಸಹಜವಾದ ಅಪನಂಬಿಕೆಯನ್ನು ಭ್ರಮೆಯೆಂದು ಓದಿಕೊಳ್ಳುವುದು ಇದಕ್ಕೆ ಒಂದು ಕಾರಣ.

ಆ ಅಪನಂಬಿಕೆಗೂ ಒಂದು ಮೂಲವಿದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ 399 ಕಪ್ಪು ಗಂಡಸರ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ, ಪೆನಿಸಿಲಿನ್ ಸಿಗುವ ಕಾಲ ಬಂದ ಮೇಲೂ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾ ಕುಳಿತಿತ್ತು. ನಲವತ್ತು ವರ್ಷ! ಇದನ್ನು ಮನೆಯಲ್ಲಿ ಕೇಳಿ ಬೆಳೆದವರು ಬಿಳಿ ಕೋಟಿನವರ ಮುಂದೆ ಬಾಯಿ ಬಿಡುವುದಿಲ್ಲವೆಂದರೆ ಅದನ್ನು ಅಜ್ಞಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘವೂ ಮನಃಶಾಸ್ತ್ರಜ್ಞರ ಸಂಘವೂ ವರ್ಣಭೇದಕ್ಕೆ ತಾವು ಕೊಟ್ಟ ಬೆಂಬಲಕ್ಕಾಗಿ ಕ್ಷಮೆ ಕೇಳಿದ್ದು 2021ರಲ್ಲಿ.

ಬೇಲಿಯ ಮಾತಿಗೆ ಬರುತ್ತೇನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಜನರು ತಮ್ಮ ಸಮುದಾಯದವರನ್ನೇ ಸಮಾಲೋಚಕರಾಗಿ ಬಯಸುತ್ತಾರಾದರೂ, ಹಾಗೆ ಸಿಕ್ಕ ಮಾತ್ರಕ್ಕೆ ಸರಾಸರಿ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಆಫ್ರಿಕನ್ ಅಮೆರಿಕನ್ನರ ವಿಷಯದಲ್ಲಿ ಮಾತ್ರ ಸ್ವಲ್ಪ ಪ್ರಯೋಜನ ಕಂಡುಬಂದಿತು. ಅದೇ ವರ್ಷದ ಇನ್ನೊಂದು ವಿಶ್ಲೇಷಣೆ ಇದಕ್ಕಿಂತ ಮುಖ್ಯವಾದ ಸಂಗತಿಯನ್ನು ಹೇಳಿತು: ಸಂಸ್ಕೃತಿಗೆ ಹೊಂದಿಸಿಕೊಂಡ ಚಿಕಿತ್ಸೆ ಹೊಂದಿಸದ ಚಿಕಿತ್ಸೆಗಿಂತ ಹೆಚ್ಚು ಫಲ ಕೊಡುತ್ತದೆ, ಮತ್ತು ಆ ಫಲಕ್ಕೆ ಕಾರಣವಾಗುವ ಅಂಶವೆಂದರೆ ತನಗೇಕೆ ಹೀಗಾಯಿತು ಎಂದು ರೋಗಿ ಕೊಡುವ ವಿವರಣೆಯನ್ನು ಚಿಕಿತ್ಸಕ ಒಪ್ಪಿಕೊಂಡು ಅದರೊಳಗೆ ಕೆಲಸ ಮಾಡುವುದು. ಬಣ್ಣ ಹೊಂದಿದರೆ ಸಾಲದು, ಕಾರಣದ ಕಥೆ ಹೊಂದಬೇಕು.

ಹಳೆಯ ವಾರ್ಡು (ಬೆಂಗಳೂರು):

ನಾನು ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಸಂಪಿಗೆಯವರ ಆ ಹಾಳೆಯ ಪ್ರಸಂಗವನ್ನು ಓದಿದಾಗ ನನಗೆ ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಬ್ಲಿಡಾ ಊರು ನೆನಪಾಯಿತು. ಮಾರ್ಟಿನೀಕ್ ದ್ವೀಪದ ಕಪ್ಪು ಮನೋವೈದ್ಯ ಫ್ರಾಂಟ್ಜ್ ಫ್ಯಾನನ್ 1953ರಲ್ಲಿ ಅಲ್ಲಿನ ಆಸ್ಪತ್ರೆಗೆ ಬಂದಾಗ, ಫ್ರಾನ್ಸಿನಲ್ಲಿ ಕಲಿತ ಸಾಮುದಾಯಿಕ ಚಿಕಿತ್ಸೆಯನ್ನು ಯುರೋಪಿಯನ್ ಮಹಿಳೆಯರ ವಾರ್ಡಿನಲ್ಲಿಯೂ ಮುಸ್ಲಿಂ ಪುರುಷರ ವಾರ್ಡಿನಲ್ಲಿಯೂ ಒಂದೇ ರೀತಿ ಆರಂಭಿಸಿದರು. ಮಹಿಳೆಯರ ವಾರ್ಡಿನಲ್ಲಿ ಸಭೆ, ಹಬ್ಬ, ವಾರ್ಡಿನ ಪತ್ರಿಕೆ ಎಲ್ಲವೂ ಚೆನ್ನಾಗಿ ನಡೆದವು. ಪುರುಷರ ವಾರ್ಡಿನಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಆಗ ಅವರು ರೋಗಿಗಳನ್ನು ದೂರಲಿಲ್ಲ. ತಾವು ಈ ಜನರ ಬದುಕನ್ನು ಅರಿಯದೆ ಹೊರಗಿನ ವಿಧಾನವನ್ನು ಹೇರಿದ್ದೇ ತಪ್ಪು ಎಂದು 1954ರಲ್ಲಿ ಸಹೋದ್ಯೋಗಿಯೊಡನೆ ಬರೆದು ಪ್ರಕಟಿಸಿದರು. ಆಸ್ಪತ್ರೆಯೊಳಗೆ ಗಂಡಸರು ಕುಳಿತು ಮಾತನಾಡುವ ಕಾಫಿಯಂಗಡಿ ಬಂತು, ಅವರ ಹಬ್ಬಗಳ ಆಚರಣೆ ಬಂತು, ಕಥೆ ಹೇಳುವವರು ಬಂದರು. ಬಣ್ಣ ಕಪ್ಪಾದ ಮಾತ್ರಕ್ಕೆ ಫ್ಯಾನನ್‌ರಿಗೆ ಅಲ್ಲಿನವರ ಮನಸ್ಸು ತಾನಾಗಿ ತೆರೆದುಕೊಳ್ಳಲಿಲ್ಲ ಎಂಬುದನ್ನು ನೇರನುಡಿಯವರು ಗಮನಿಸಬೇಕು.

ಅದೇ 1954ರಲ್ಲಿ ನೈಜೀರಿಯಾದ ಅಬೆಯೊಕುಟದಲ್ಲಿ ಥಾಮಸ್ ಅಡೆಯೊಯೆ ಲಾಂಬೊ ಎಂಬ ಮನೋವೈದ್ಯರು ರೋಗಿಗಳನ್ನು ಆಸ್ಪತ್ರೆಯ ಕಟ್ಟಡದಲ್ಲಿ ಕೂಡಿಹಾಕದೆ, ಅಕ್ಕಪಕ್ಕದ ಹಳ್ಳಿಗಳ ಮನೆಗಳಲ್ಲಿ ಒಬ್ಬ ಬಂಧುವಿನೊಂದಿಗೆ ಇರಿಸಿ, ಹಗಲಲ್ಲಿ ಚಿಕಿತ್ಸೆಗೆ ಕರೆಸಿಕೊಳ್ಳುವ ವ್ಯವಸ್ಥೆ ಮಾಡಿದರು. ಊರಿನ ನಾಟಿ ವೈದ್ಯರನ್ನೂ ಜೊತೆಗೆ ಸೇರಿಸಿಕೊಂಡರು. ನಮ್ಮಲ್ಲಿಯೂ ಅಮೃತಸರದಲ್ಲಿ ವಿದ್ಯಾ ಸಾಗರ್ ಅವರು 1950ರ ದಶಕದಲ್ಲಿ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆ ಇರಿಸಿದರು. ವೆಲ್ಲೂರಿನಲ್ಲಿಯೂ ಅದು ನಡೆಯಿತು, ನಮ್ಮ ನಿಮ್ಹಾನ್ಸಿಗೂ ಬಂತು. ರೋಗಿಯೊಂದಿಗೆ ಮನೆಯವರೂ ಬಂದು ಉಳಿಯುವುದು ನಮಗೆ ಎಷ್ಟು ಸಹಜವೆಂದರೆ, ಅದು ಇಲ್ಲದ ಆಸ್ಪತ್ರೆಯನ್ನು ಊಹಿಸುವುದೂ ಕಷ್ಟ. ಪಶ್ಚಿಮಕ್ಕೆ ಹೋದ ವಲಸಿಗನಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕುಳಿತು ಅಪರಿಚಿತರಿಗೆ ಮನೆಯ ವಿಷಯ ಹೇಳುವುದು ಚಿಕಿತ್ಸೆಯಾಗಿ ಕಾಣುವುದಿಲ್ಲ, ವಿಚಾರಣೆಯಾಗಿ ಕಾಣುತ್ತದೆ.

ಹೇಮಾವತಿ ತೀರ (ಬರ್ಮಿಂಗ್‌ಹ್ಯಾಮ್):

ವಿಚಾರಣೆ ಎಂಬ ಮಾತು ಇಂಗ್ಲೆಂಡಿನಲ್ಲಿ ಕೇವಲ ಉಪಮೆಯಲ್ಲ, ಸರ್. ನಾನು ಇಲ್ಲಿ ಮಾನಸಿಕ ಆರೋಗ್ಯ ವಿಭಾಗದ ನರ್ಸ್. 1983ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಇಚ್ಛೆಗೆ ವಿರುದ್ಧವಾಗಿ ಆಸ್ಪತ್ರೆಯಲ್ಲಿ ಇರಿಸಲ್ಪಡುವವರ ಪ್ರಮಾಣವು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಮೂರು ಪಟ್ಟಿಗಿಂತಲೂ ಹೆಚ್ಚು. ಸಮಾಲೋಚನೆಯ ಬಾಗಿಲು ಅವರಿಗೆ ತಡವಾಗಿ ತೆರೆಯುತ್ತದೆ. ಪೊಲೀಸ್ ವಾಹನದ ಬಾಗಿಲು ಬೇಗ ತೆರೆಯುತ್ತದೆ. 1998ರಲ್ಲಿ ನಾರಿಚ್‌ನ ಒಂದು ಚಿಕಿತ್ಸಾಲಯದಲ್ಲಿ ಡೇವಿಡ್ ಬೆನೆಟ್ ಎಂಬ ಕಪ್ಪು ವರ್ಣೀಯರು ಸಿಬ್ಬಂದಿ ಅವರನ್ನು ನೆಲಕ್ಕೆ ಒತ್ತಿ ಹಿಡಿದಿದ್ದಾಗ ಸತ್ತರು. 2010ರಲ್ಲಿ ಲಂಡನ್ನಿನಲ್ಲಿ ಒಲಾಸೆನಿ (ಸೆನಿ) ಲೂಯಿಸ್ ಎಂಬ 23 ವರ್ಷದ ಕಪ್ಪು ಯುವಕ ಸಹಾಯ ಕೇಳಿಕೊಂಡು ತಾನಾಗಿಯೇ ಆಸ್ಪತ್ರೆಗೆ ಬಂದಿದ್ದ; ಪೊಲೀಸರು ಅವನನ್ನು ದೀರ್ಘಕಾಲ ಒತ್ತಿ ಹಿಡಿದ ನಂತರ ಅವನು ಉಳಿಯಲಿಲ್ಲ. ಅವನ ತಂದೆತಾಯಿ ವರ್ಷಗಟ್ಟಲೆ ಹೋರಾಡಿದ್ದರ ಫಲವಾಗಿ ಮಾನಸಿಕ ಆರೋಗ್ಯ ಘಟಕಗಳಲ್ಲಿ ಬಲಪ್ರಯೋಗವನ್ನು ನಿಯಂತ್ರಿಸುವ ಕಾಯ್ದೆ 2018ರಲ್ಲಿ ಬಂತು. ಜನರು ಅದನ್ನು ಸೆನಿಯ ಕಾಯ್ದೆ ಎಂದೇ ಕರೆಯುತ್ತಾರೆ.

ಹೊಸದಾಗಿ ಬಂದ ರೋಗಿ ಎತ್ತರದ ಕಪ್ಪು ಯುವಕನಾಗಿದ್ದರೆ ನಮ್ಮ ವಾರ್ಡಿನಲ್ಲಿ ಸಿಬ್ಬಂದಿಯ ಧ್ವನಿಯೇ ಬದಲಾಗುತ್ತಿದ್ದುದನ್ನು ನಾನು ಕಂಡಿದ್ದೇನೆ, ಮತ್ತು ಆ ಸಿಬ್ಬಂದಿಯಲ್ಲಿ ನಾನೂ ಇದ್ದೆ. ಲಂಡನ್ನಿನಲ್ಲಿ ಇದಕ್ಕೆ ಬೇರೆ ದಾರಿಯನ್ನು ತೋರಿಸಿದ ಸಂಸ್ಥೆ ನಫ್ಸಿಯಾತ್. ಕಲ್ಕತ್ತೆಯಲ್ಲಿ ಹುಟ್ಟಿದ ಜಾಫರ್ ಕರೀಂ ಅದನ್ನು 1983ರಲ್ಲಿ ಆರಂಭಿಸಿದರು. ಸಮಾಲೋಚಕ ಮತ್ತು ರೋಗಿ ಬೇರೆ ಬೇರೆ ಸಂಸ್ಕೃತಿಯವರಾಗಿದ್ದಾಗ ಆ ವ್ಯತ್ಯಾಸವನ್ನು, ಅದರೊಳಗಿರುವ ವರ್ಣಭೇದದ ಅನುಭವವನ್ನು, ಬದಿಗೆ ಸರಿಸದೆ ಮಾತಿನ ಮಧ್ಯಕ್ಕೇ ತರಬೇಕು ಎಂಬುದು ಅವರ ನಿಲುವು. ನಾನು ಈಗ ಮೊದಲ ದಿನವೇ ಕೇಳಿಬಿಡುತ್ತೇನೆ: “ನಾನು ಭಾರತದವಳು, ನಿಮ್ಮ ಬದುಕು ನನಗೆ ತಿಳಿಯದು. ನನ್ನೊಂದಿಗೆ ಮಾತನಾಡುವುದು ನಿಮಗೆ ಹೇಗೆನಿಸುತ್ತದೆ?” ಈ ಪ್ರಶ್ನೆಗೆ ಇದುವರೆಗೆ ಯಾರೂ ಕೋಪಿಸಿಕೊಂಡಿಲ್ಲ.

ದುಭಾಷಿ (ನ್ಯೂಜೆರ್ಸಿ):

ನಾನು ಆಸ್ಪತ್ರೆಗಳಲ್ಲಿ ಕನ್ನಡ, ತೆಲುಗು ಮಾತನಾಡುವವರಿಗೆ ದುಭಾಷಿಯಾಗಿ ಕೆಲಸ ಮಾಡುತ್ತೇನೆ. ಖಿನ್ನತೆಯನ್ನು ಅಳೆಯಲು ಇಲ್ಲಿ ಎಲ್ಲೆಡೆ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಕೇಳುತ್ತಾರೆ. ಮಗನ ಮನೆಗೆ ಬಂದಿದ್ದ ಒಬ್ಬ ಅಮ್ಮನಿಗೆ ನಾನು “ನಿಮಗೆ ಖಿನ್ನತೆ, ಹತಾಶೆ ಅನಿಸುತ್ತದೆಯೇ?” ಎಂದು ಅನುವಾದಿಸಿದಾಗ ಅವರು “ಅಂಥದ್ದೇನೂ ಇಲ್ಲಪ್ಪ” ಎಂದರು. ಪಟ್ಟಿಯಲ್ಲಿ ಸೊನ್ನೆ ಬಿತ್ತು. ಹೊರಗೆ ಬಂದು ಕುಳಿತಾಗ, ಹೊಟ್ಟೆಯಲ್ಲಿ ಸಂಕಟ, ಊಟ ಸೇರುವುದಿಲ್ಲ, ಜೀವಕ್ಕೆ ಸಮಾಧಾನವಿಲ್ಲ, ರಾತ್ರಿಯೆಲ್ಲಾ ಯೋಚನೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಕನ್ನಡದಲ್ಲಿ ‘ಯೋಚನೆ’ ಎಂದರೆ ಚಿಂತನೆಯೂ ಹೌದು, ಚಿಂತೆಯೂ ಹೌದು. ಮುಖ ಬಾಡಿದವರನ್ನು ನಮ್ಮ ಹಿರಿಯರು “ಏನು ಯೋಚನೆ ಮಾಡುತ್ತಿದ್ದೀಯಾ?” ಎಂದೇ ಕೇಳುತ್ತಾರೆ.

ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಎಂಬ ಮಾತಿದೆ ಎಂದು ತಿಳಿದಾಗ ನನಗೆ ರೋಮಾಂಚನವಾಯಿತು, ಏಕೆಂದರೆ ಅದರ ಅರ್ಥವೂ ಅತಿಯಾದ ಯೋಚನೆ ಎಂದೇ. ಹೈಟಿಯ ವಲಸಿಗರೂ ಕಾಂಬೋಡಿಯಾದ ನಿರಾಶ್ರಿತರೂ ತಮ್ಮ ತಮ್ಮ ಭಾಷೆಗಳಲ್ಲಿ ಇದನ್ನೇ ಹೇಳುತ್ತಾರೆ. ಹರಾರೆಯ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು ತಮ್ಮ ರೋಗಿಯೊಬ್ಬಳು ಬಸ್ಸಿನ ದುಡ್ಡಿಲ್ಲದೆ ಆಸ್ಪತ್ರೆಗೆ ಬರಲಾಗದೆ ಪ್ರಾಣ ಕಳೆದುಕೊಂಡ ನಂತರ, 2006ರಲ್ಲಿ ಎಂಬಾರೆ ಬಡಾವಣೆಯ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನ ಮೇಲೆ ಕುಳಿತು ಜನರ ಕಷ್ಟ ಕೇಳುವ ವ್ಯವಸ್ಥೆ ಮಾಡಿದರು. ಮೊದಲು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಎಂಬ ಹೆಸರಿದ್ದಾಗ ಜನ ಹತ್ತಿರ ಸುಳಿಯಲಿಲ್ಲ. ಅಜ್ಜಿಯರೇ ಅದನ್ನು ಸ್ನೇಹದ ಬೆಂಚು ಎಂದು ಬದಲಿಸಿದರು. ಅಲ್ಲಿ ಕೇಳುವ 14 ಪ್ರಶ್ನೆಗಳು ಶೋನಾ ಜನರ ಮಾತಿನಿಂದಲೇ ಹುಟ್ಟಿದವು, ಅತಿಯಾದ ಯೋಚನೆಯೂ ಅವುಗಳಲ್ಲಿ ಒಂದು. 2016ರಲ್ಲಿ ಪ್ರಕಟವಾದ, 573 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಆರು ತಿಂಗಳ ನಂತರ ಸಾಮಾನ್ಯ ಆರೈಕೆ ಪಡೆದವರ ಸರಾಸರಿ ಅಂಕ 8.90 ಇದ್ದರೆ, ಬೆಂಚಿಗೆ ಬಂದವರದು 3.81ಕ್ಕೆ ಇಳಿದಿತ್ತು. ಅಂಕ ಇಳಿದಷ್ಟೂ ನೋವು ಕಡಿಮೆ. ಈಗ ಆ ಬೆಂಚು ಹರಾರೆಯಿಂದ ವಾಷಿಂಗ್ಟನ್ ನಗರಕ್ಕೂ ಬಂದಿದೆ.

ಇನ್ನೊಂದು ಮಾತು, ದಯವಿಟ್ಟು ಎಲ್ಲರೂ ಗಮನಿಸಿ: ಮಕ್ಕಳನ್ನು ದುಭಾಷಿಗಳಾಗಿ ಕೂರಿಸಬೇಡಿ. ತನ್ನ ತಾಯಿ ಸಾಯಬೇಕೆಂದುಕೊಂಡಿದ್ದಳು ಎಂಬ ವಾಕ್ಯವನ್ನು ಹನ್ನೆರಡು ವರ್ಷದ ಹುಡುಗಿ ಇಂಗ್ಲಿಷಿಗೆ ತಿರುಗಿಸುವುದನ್ನು ನಾನು ಒಮ್ಮೆ ಕಂಡಿದ್ದೇನೆ. ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ತುರ್ತು ಸಂದರ್ಭದ ಹೊರತು ಮಕ್ಕಳಿಂದ ಅನುವಾದ ಮಾಡಿಸುವಂತಿಲ್ಲ. ದುಭಾಷಿಯನ್ನು ಉಚಿತವಾಗಿ ಕೇಳುವುದು ನಿಮ್ಮ ಹಕ್ಕು.

ಹಳೆಯ ವಾರ್ಡು (ಬೆಂಗಳೂರು):

ಆ ಅಮ್ಮನ ಹೊಟ್ಟೆಸಂಕಟಕ್ಕೆ ಬೆಂಗಳೂರಿನಲ್ಲೇ ಒಂದು ವಿವರಣೆ ದೊರೆತಿದೆ. ನಿಮ್ಹಾನ್ಸಿನ ರೋಗಿಗಳೊಡನೆ ಮಾತನಾಡಿ ನಡೆಸಿದ, 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಖಿನ್ನತೆಯ ಲಕ್ಷಣಗಳು ಹೆಚ್ಚಿದಷ್ಟೂ ಅವಮಾನದ ಭಾವ ಹೆಚ್ಚಾಗಿತ್ತು. ಮೈನೋವಿನ ಲಕ್ಷಣಗಳು ಹೆಚ್ಚಿದ್ದವರಲ್ಲಿ ಅದು ಕಡಿಮೆಯಾಗಿತ್ತು. ಮೈನೋವು ಎಲ್ಲರಿಗೂ ಬರುವಂಥದ್ದು, ಅದನ್ನು ಹೇಳಿಕೊಂಡರೆ ಮಗಳ ಮದುವೆಗೆ ತೊಂದರೆಯಾಗುವುದಿಲ್ಲ. ನಮ್ಮವರು ಮನಸ್ಸಿನ ನೋವನ್ನು ಅರಿಯದೆ ಹೊಟ್ಟೆಯ ಮೇಲೆ ಹಾಕುತ್ತಾರೆಂದು ನಾನು ತಿಳಿದಿದ್ದೆ. ಅವರು ಅರಿತೇ, ಹೇಳಲು ಸುರಕ್ಷಿತವಾದದ್ದನ್ನು ಹೇಳುತ್ತಾರೆ.

ಮಳೆಬಿಲ್ಲು (ಡಲ್ಲಾಸ್):

ನಾನು ವೃತ್ತಿಯವಳಲ್ಲ, ಚಿಕಿತ್ಸೆ ಪಡೆದವಳು. ಮದುವೆಯಾಗಿ, ಗಂಡನ ಕೆಲಸದ ವೀಸಾವನ್ನು ಅವಲಂಬಿಸಿ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದೆ. ಊರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳಿಗೆ ಇಲ್ಲಿ ದುಡಿಯುವ ಅನುಮತಿ ಇರಲಿಲ್ಲ. 2015ರಲ್ಲಿ ನಿಯಮ ಸಡಿಲಿಸಿದಾಗಲೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವವರೆಗೆ ಕಾಯಬೇಕಾಯಿತು. ನಮ್ಮ ಕಡೆಯ ಹೆಣ್ಣುಮಗಳೆಂದು ಹುಡುಕಿಕೊಂಡು ಹೋದ ಮೊದಲ ಸಮಾಲೋಚಕಿ, ಎರಡನೆಯ ಭೇಟಿಯಲ್ಲೇ “ಅತ್ತೆಯವರನ್ನು ಸ್ವಲ್ಪ ಅನುಸರಿಸಿಕೊಂಡು ಹೋದರೆ ಎಲ್ಲವೂ ಸರಿಹೋಗುತ್ತದೆ” ಎಂದರು. ಜೊತೆಗೆ, ಅವರಿಗೆ ಪರಿಚಯವಿದ್ದ ಕುಟುಂಬಗಳೆಲ್ಲ ನಮಗೂ ಪರಿಚಯವಿದ್ದವು. ಮಾತು ಹೊರಗೆ ಹೋಗುವುದೇನೋ ಎಂಬ ಅಂಜಿಕೆಯಲ್ಲಿ ಬಾಯಿ ಕಟ್ಟಿತು.

ಆಮೇಲೆ ನನ್ನನ್ನು ನೋಡಿಕೊಂಡವರು ಒಬ್ಬ ಕಪ್ಪು ಮಹಿಳೆ. ಅವರು ಬೇರೆಯಾಗು ಎಂದೂ ಹೇಳಲಿಲ್ಲ, ಅನುಸರಿಸಿಕೋ ಎಂದೂ ಹೇಳಲಿಲ್ಲ. “ನೀವು ಒಂದು ನಿರ್ಧಾರ ಮಾಡುವಾಗ ನಿಮ್ಮ ಮನಸ್ಸಿನಲ್ಲಿ ಯಾರು ಯಾರು ಬಂದು ಕುಳಿತಿರುತ್ತಾರೆ?” ಎಂದು ಕೇಳಿದರು. ನಾನು ಹನ್ನೊಂದು ಜನರ ಹೆಸರು ಹೇಳಿದೆ. ಅವರು ಎಲ್ಲರ ಹೆಸರನ್ನೂ ಬರೆದುಕೊಂಡರು, ಒಬ್ಬರನ್ನೂ ಹೊರಗೆ ಕಳಿಸಲಿಲ್ಲ. ತಮ್ಮ ಮನೆಯ ಹೆಂಗಸರಿಗೂ ಅಳಲು ಅಪ್ಪಣೆ ಇರಲಿಲ್ಲ, ಗಟ್ಟಿಯಾಗಿರುವುದೇ ಧರ್ಮವೆಂದು ಬೆಳೆಸಿದ್ದರು ಎಂದು ಒಮ್ಮೆ ಹೇಳಿದಾಗ ನನಗೆ ನನ್ನ ಅಜ್ಜಿಯ ಮುಖ ಕಂಡಿತು. ಇಷ್ಟು ವರ್ಷ ನಮ್ಮ ಮನೆಗಳ ಊಟದ ಮೇಜಿನ ಮೇಲೆ ‘ಕರಿಯರು’ ಎಂಬ ಪದ ಬಂದಾಗಲೆಲ್ಲ ಸುಮ್ಮನಿದ್ದೆ. ಈಗ ಸುಮ್ಮನಿರುವುದಿಲ್ಲ.

ಪಾಠದ ಮನೆ (ಬೆಂಗಳೂರು):

ಮಳೆಬಿಲ್ಲು ಅವರ ಕೊನೆಯ ಮಾತು ನನ್ನನ್ನು ಬರೆಯುವಂತೆ ಮಾಡಿತು. ಕಪ್ಪು ವಲಸಿಗರ ವಿಷಯ ಅಮೆರಿಕ, ಇಂಗ್ಲೆಂಡುಗಳದ್ದು ಮಾತ್ರವಲ್ಲ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ಬಳಿ, ಬೇರೊಬ್ಬ ಆಫ್ರಿಕನ್ ವ್ಯಕ್ತಿಯ ಕಾರಿನಿಂದಾದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಆಫ್ರಿಕನ್ ಮಕ್ಕಳು ಆ ನಂತರ ಸಂಜೆಯ ಮೇಲೆ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಕಾಲೇಜಿನ ಸಮಾಲೋಚಕರು ಅವರಿಗೆ ಕೊಟ್ಟ ಸಲಹೆ ಗುಂಪಾಗಿ ತಿರುಗಾಡಬೇಡಿ, ಇಲ್ಲಿಯ ಪದ್ಧತಿಗೆ ಹೊಂದಿಕೊಳ್ಳಿ ಎಂಬುದಾಗಿತ್ತು. ಸಂಪಿಗೆಯವರು ಮುಂದಿಟ್ಟ ಹಾಳೆಗೂ ಈ ಸಲಹೆಗೂ ಹೆಚ್ಚು ದೂರವಿಲ್ಲ. ಹೊರಗಿನ ಅಪಾಯವನ್ನು ಒಳಗಿನ ದೌರ್ಬಲ್ಯವೆಂದು ಕರೆದದ್ದು ಎರಡೂ ಕಡೆ ಒಂದೇ.

ನೇರನುಡಿ (ಸ್ಯಾನ್ ಹೊಸೆ):

ಎಲ್ಲರ ಮಾತನ್ನೂ ಎರಡು ಸಲ ಓದಿದೆ. ರೋಗನಿರ್ಣಯದ ವಿಷಯದಲ್ಲಿ ನನ್ನ ಇನ್ಸುಲಿನ್ ಹೋಲಿಕೆ ತಪ್ಪು ಎಂದು ಒಪ್ಪುತ್ತೇನೆ. ಆದರೆ ನನ್ನ ಇನ್ನೊಂದು ಆತಂಕ ಉಳಿದಿದೆ. ಜಿನ್ನ್ ಹಿಡಿದಿದೆ, ದೆವ್ವ ಮೆಟ್ಟಿದೆ ಎಂಬ ವಿವರಣೆಯನ್ನೂ ಚಿಕಿತ್ಸಕರು ಒಪ್ಪಿಕೊಳ್ಳಬೇಕೇ? ಸಂಸ್ಕೃತಿಯ ಹೆಸರಿನಲ್ಲಿ ಔಷಧಿ ತಪ್ಪಿಹೋದರೆ?

ಸಂಪಿಗೆ (ಮಿನಿಯಾಪೊಲಿಸ್):

ಔಷಧಿ ತಪ್ಪಬಾರದು. ಸೊಮಾಲಿ ಭಾಷೆಯಲ್ಲಿ ‘ವಾಲಿ’ ಎಂದರೆ ಹುಚ್ಚು; ಬಹಳ ಮನೆಗಳಲ್ಲಿ ಒಬ್ಬ ಮನುಷ್ಯ ಸರಿಯಾಗಿರುತ್ತಾನೆ ಇಲ್ಲವೇ ವಾಲಿಯಾಗಿರುತ್ತಾನೆ, ಆ ಎರಡರ ನಡುವೆ ಖಿನ್ನತೆಗೆ ಜಾಗವೇ ಇಲ್ಲ. ಜಿನ್ನಿನ ಮಾತು ಬಂದಾಗ ನಾನು ಹೌದೆಂದೂ ಹೇಳುವುದಿಲ್ಲ, ಮೂಢನಂಬಿಕೆಯೆಂದೂ ಹೇಳುವುದಿಲ್ಲ. ಕುರಾನ್ ಪಠಣದಿಂದ ನೆಮ್ಮದಿ ಸಿಗುತ್ತಿದ್ದರೆ ಅದು ಮುಂದುವರಿಯಲಿ, ಮಾತ್ರೆಯೂ ಜೊತೆಗಿರಲಿ ಎನ್ನುತ್ತೇನೆ. ಇಮಾಮರ ಬಾಯಿಯಿಂದ ಆ ಮಾತು ಬಂದರೆ ನನ್ನ ಮಾತಿಗಿಂತ ಹೆಚ್ಚು ತೂಕ. ಹೊಡೆಯುವುದು, ಕಟ್ಟಿಹಾಕುವುದು, ಊಟ ಬಿಡಿಸುವುದು ಬಂದರೆ ಅಲ್ಲಿ ನನ್ನ ಒಪ್ಪಿಗೆ ಮುಗಿಯುತ್ತದೆ, ಅದನ್ನು ಮೊದಲೇ ತಿಳಿಸಿರುತ್ತೇನೆ.

ಜನರು ಈಗಾಗಲೇ ನಂಬುವ ಜಾಗಕ್ಕೆ ನಾವು ಹೋಗುವುದು ಹೊಸದೇನೂ ಅಲ್ಲ. 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಸೇಂಟ್ ಫಿಲಿಪ್ಸ್ ಚರ್ಚಿನ ನೆಲಮಾಳಿಗೆಯಲ್ಲಿ ಲಫಾರ್ಗ್ ಚಿಕಿತ್ಸಾಲಯ ಆರಂಭವಾಯಿತು. ಬೇರೆಲ್ಲೂ ಬಾಗಿಲು ತೆರೆಯದ ಕಪ್ಪು ಜನರನ್ನು ಅಲ್ಲಿನ ಸ್ವಯಂಸೇವಕ ವೈದ್ಯರು ಸಂಜೆಯ ಹೊತ್ತು 25 ಸೆಂಟಿಗೆ ನೋಡುತ್ತಿದ್ದರು; ದುಡ್ಡಿಲ್ಲದಿದ್ದರೆ ಅದೂ ಬೇಡ. 1958ರಲ್ಲಿ ಅದು ಮುಚ್ಚಿತು. ಇಂದು ಅರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಆರಂಭವಾದ ಕನ್ಫೆಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕಪ್ಪು ಸಮುದಾಯದ ಕ್ಷೌರಿಕರಿಗೆ, ಕುರ್ಚಿಯಲ್ಲಿ ಕುಳಿತವನ ಮಾತಿನಲ್ಲಿ ನೋವನ್ನು ಗುರುತಿಸುವ ತರಬೇತಿ ಕೊಡುತ್ತಿದೆ. 2015ರ ಲೆಕ್ಕದಂತೆ ಅಮೆರಿಕದ ಮನಃಶಾಸ್ತ್ರಜ್ಞರಲ್ಲಿ 86% ಬಿಳಿಯರು, 4% ಮಾತ್ರ ಕಪ್ಪು ವರ್ಣೀಯರು ಎಂಬಾಗ ಇಂಥ ಕೈಗಳು ಬೇಕೇ ಬೇಕು.

ನನ್ನ ವಿದ್ಯಾರ್ಥಿಗಳಿಗೆ ನಾನು ಈಗ ಆ ಎರಡು ಕಾಲಂಗಳ ಹಾಳೆಗಿಂತ ಮೊದಲು ಬೇರೊಂದನ್ನು ಕೊಡುತ್ತೇನೆ. 2013ರ ಅಮೆರಿಕನ್ ರೋಗನಿರ್ಣಯ ಕೈಪಿಡಿಯಲ್ಲಿ ಸಂಸ್ಕೃತಿಯನ್ನು ಅರಿಯಲು 16 ಪ್ರಶ್ನೆಗಳಿವೆ. ನಿಮ್ಮ ಈ ತೊಂದರೆಯನ್ನು ಮನೆಯವರಿಗೆ, ಸ್ನೇಹಿತರಿಗೆ ಹೇಳುವಾಗ ಯಾವ ಮಾತಿನಲ್ಲಿ ಹೇಳುತ್ತೀರಿ ಎಂಬರ್ಥದ ಪ್ರಶ್ನೆ ಅವುಗಳಲ್ಲಿದೆ. ಅದೊಂದನ್ನು ಕೇಳಿ, ಉತ್ತರವನ್ನು ಅವರದೇ ಪದಗಳಲ್ಲಿ ಬರೆದುಕೊಂಡು ಬನ್ನಿ ಎಂದು ಹೇಳಿದ್ದೇನೆ. ನಮ್ಮಲ್ಲಿಗೆ ಬರುವ ಕನ್ನಡದ ಹಿರಿಯರಿಗಾಗಿಯೂ ಒಂದು ಪುಟ ಸಿದ್ಧಪಡಿಸುತ್ತಿದ್ದೇವೆ. ದುಭಾಷಿಯವರೇ, ಮೊದಲ ಸಾಲಿನಲ್ಲಿ ‘ಖಿನ್ನತೆ’ ಎಂದು ಹಾಕಬಹುದೇ?

ದುಭಾಷಿ (ನ್ಯೂಜೆರ್ಸಿ):

ಹಾಕಬೇಡಿ, ಮೇಡಂ. ಅದು ಪತ್ರಿಕೆಯ ಪದ, ಯಾವ ಅಮ್ಮನ ಬಾಯಲ್ಲೂ ಕೇಳಿಲ್ಲ. ‘ಕೊರಗು’ ಎಂದು ಹಾಕಿ. “ಒಳಗೊಳಗೇ ಕೊರಗುತ್ತಿದ್ದೀರಾ?” ಎಂದು ಕೇಳಿದರೆ ತಲೆಯೆತ್ತಿ ನೋಡುತ್ತಾರೆ. ಅದರ ಕೆಳಗೆ ಯೋಚನೆ, ಸಂಕಟ, ಎದೆ ಭಾರ ಎಂದು ಬರೆಯಿರಿ.

ಹೇಮಾವತಿ ತೀರ (ಬರ್ಮಿಂಗ್‌ಹ್ಯಾಮ್):

ನಮ್ಮ ಹಾಸನದ ಕಡೆ “ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ” ಎನ್ನುತ್ತಾರೆ. ಸ್ಥಳವಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಪುಟ ಸಿದ್ಧವಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ನಮ್ಮ ವಾರ್ಡಿನಲ್ಲಿ ಇಡುತ್ತೇನೆ.